ಮುಖಪುಟ ಬರೆದವರ ಹೆಸರೆಲ್ಲಿ?

ಅಮೆರಿಕದ ಪುಸ್ತಕದ ಪೇಟೆಯಲ್ಲಿ ಈಗ ಸಣ್ಣ ಊರಿಗೆ ಬಹಳ ಗಿರಾಕಿ. ಊರಿಗಲ್ಲ, ಊರಿನ ಚಿತ್ರಕ್ಕೆ. ಮಹಾನಗರದಲ್ಲಿ ಕೆಲಸ ಬಿಟ್ಟವಳೋ ಮನಸ್ಸು ಮುರಿದವಳೋ ಒಬ್ಬ ಹೆಣ್ಣುಮಗಳು ಸಣ್ಣ ಊರೊಂದಕ್ಕೆ ಬರುತ್ತಾಳೆ. ಅತ್ತೆಯೋ ಅಜ್ಜಿಯೋ ಬಿಟ್ಟ ಬೇಕರಿ, ಪುಸ್ತಕದಂಗಡಿ ಅಥವಾ ಕಾಫಿ ಹೋಟೆಲು ಅವಳ ಪಾಲಿಗೆ ಬರುತ್ತದೆ. ಊರಿನಲ್ಲೊಬ್ಬ ಸಿಡುಕು ಮೋರೆಯ ರೈತನೋ ಬಡಗಿಯೋ ಇದ್ದಾನೆ. ಮೊದಲು ಜಗಳ, ನಡುವೆ ಊರವರ ತಮಾಷೆ, ಕೊನೆಗೆ ಪ್ರೇಮ. 2023ರಲ್ಲಿ ಹಾರ್ಪರ್ ಕಾಲಿನ್ಸ್ ಕಂಪನಿಯ ಒಂದು ಶಾಖೆಯಿಂದ ಬಂದ, ಲಾರಿ ಗಿಲ್ಮೋರ್ ಎಂಬ ಹೆಸರಿನ 'ದಿ ಪಂಪ್‌ಕಿನ್ ಸ್ಪೈಸ್ ಕೆಫೆ' ಇಂಥದೇ ಕಾದಂಬರಿ. ನಮ್ಮ ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಅಂಗಡಿಗಳಲ್ಲೂ ಈ ಜಾತಿಯ ಪುಸ್ತಕಗಳು ರಾಶಿ ಬಿದ್ದಿವೆ.

ಕಬ್ಬಿನ ಬಾಕಿ, ಬಗರ್ ಹುಕುಂ ಅರ್ಜಿ, ಪೌರಕಾರ್ಮಿಕರ ಸಂಬಳ ಎಂದು ಬರೆಯುವ ಈ ಪತ್ರಿಕೆಗೆ ಅಮೆರಿಕದ ಪ್ರಣಯ ಕಾದಂಬರಿಯ ಉಸಾಬರಿ ಏಕೆಂದು ಓದುಗರು ಕೇಳಬಹುದು. ದುಡಿದವರ ಹೆಸರನ್ನು ಒರೆಸಿ ಹಾಕಿ ಸರಕನ್ನು ಮಾತ್ರ ಮೆರೆಸುವ ವಿದ್ಯೆ ಎಲ್ಲಿ ನಡೆದರೂ ಅದು ನಮ್ಮ ವಿಷಯವೇ.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಈ ಪುಸ್ತಕಗಳನ್ನು ಓದುವ ಹೆಣ್ಣುಮಕ್ಕಳನ್ನು ಬೈಯಲು ನಾವು ಲೇಖನಿ ಹಿಡಿದಿಲ್ಲ. ಆ ಕೆಲಸಕ್ಕೆ ಪಂಡಿತರು ಬೇಕಾದಷ್ಟು ಮಂದಿ ಇದ್ದಾರೆ. ಇಡೀ ದಿನ ಆಸ್ಪತ್ರೆಯಲ್ಲೋ ಆಫೀಸಿನಲ್ಲೋ ದುಡಿದು, ಮನೆಗೆ ಬಂದು ಮತ್ತೆ ದುಡಿದು, ಮಲಗುವ ಮುಂಚೆ ಅರ್ಧ ಗಂಟೆ ನಗುವ ಹಕ್ಕು ಅವರಿಗಿದೆ. ಗಂಡಸರು ಓದುವ ಪತ್ತೇದಾರಿ ಕಾದಂಬರಿಯ ಮೇಲೆ ಇಲ್ಲದ ಕೋಪ ಈ ಪುಸ್ತಕಗಳ ಮೇಲೆ ಮಾತ್ರ ಏಕೆಂದು ಆ ಪಂಡಿತರೇ ಹೇಳಲಿ. ನಮ್ಮ ಜಗಳವಿರುವುದು ಮಾರುವವರೊಡನೆ.

ಈಗ ಮುಖಪುಟಕ್ಕೆ ಬರೋಣ. ಒಂದು ನೇರವಾದ ಬೀದಿ. ಇಕ್ಕೆಲದಲ್ಲೂ ಪಟ್ಟೆಪಟ್ಟೆ ಬಟ್ಟೆಯ ಮಾಡು ಇಳಿಬಿಟ್ಟ ಇಟ್ಟಿಗೆಯ ಅಂಗಡಿಗಳು. ಮೇಲೆ ಸಾಲು ದೀಪ. ಎಲೆ ಉದುರುವ ಕಾಲವಾದರೆ ಮೆಟ್ಟಿಲ ಮೇಲೆ ಸಿಹಿಗುಂಬಳ, ಚಳಿಗಾಲವಾದರೆ ಹಿಮ. ಹಿಂದೆ ಗುಡ್ಡ, ಮುಂದೊಂದು ನಾಯಿ. ನಡುವೆ ಒಂದು ಗಂಡು, ಒಂದು ಹೆಣ್ಣು. ಅನೇಕ ವೇಳೆ ಅವರಿಗೆ ಕಣ್ಣು ಮೂಗನ್ನು ಸಹ ಬರೆದಿರುವುದಿಲ್ಲ. ಓದುವವಳು ತನಗೆ ಬೇಕಾದ ಮುಖವನ್ನು ಅಲ್ಲಿ ಇಟ್ಟುಕೊಳ್ಳಬಹುದು. ಇದರ ಮೇಲೆ ಕೈಬರಹದಂಥ ದಪ್ಪಕ್ಷರದಲ್ಲಿ ಪುಸ್ತಕದ ಹೆಸರು. ಬೆರಳುಗುರಿನಷ್ಟು ಚಿತ್ರವಾಗಿ ಫೋನಿನಲ್ಲಿ ಕಂಡರೂ ಓದಲು ಬರಬೇಕಲ್ಲ! ಅಮೆಜಾನಿನ ಅಂಗಡಿಯಲ್ಲಿ ಪುಸ್ತಕ ಮೊದಲು ಕಾಣುವುದು ಅಷ್ಟು ಗಾತ್ರದಲ್ಲೇ.

ಚೆಂದದ ಊರು, ಸಂದೇಹವಿಲ್ಲ. ಆದರೆ ಈ ಬೀದಿ ಗುಡಿಸುವವರು ಯಾರು? ಬೇಕರಿಯಲ್ಲಿ ಬೆಳಗಿನ ನಾಲ್ಕು ಗಂಟೆಗೆ ಹಿಟ್ಟು ನಾದುವವರು ಯಾರು, ಅವರಿಗೆ ಕೂಲಿ ಎಷ್ಟು? ಇಲ್ಲಿ ಎಲ್ಲರೂ ಅಂಗಡಿಯ ಒಡೆಯರು, ಆಳು ಒಬ್ಬನೂ ಇಲ್ಲ. ಬಾಡಿಗೆ ಏರುವುದಿಲ್ಲ, ಕಾರ್ಖಾನೆ ಮುಚ್ಚುವುದಿಲ್ಲ. ನಿಜವಾದ ಅಮೆರಿಕದ ಸಣ್ಣ ಊರಿನ ಕಥೆ ಬೇರೆ. ಅಲ್ಲಿನ ಬೀದಿಯಂಗಡಿಗಳನ್ನು ಮೊದಲು ವಾಲ್‌ಮಾರ್ಟ್ ತಿಂದಿತು. 1962ರಲ್ಲಿ ಅರ್ಕಾನ್ಸಾಸ್ ಸಂಸ್ಥಾನದ ರೋಜರ್ಸ್ ಎಂಬ ಸಣ್ಣ ಊರಿನಲ್ಲೇ ಅದು ಹುಟ್ಟಿದ್ದು. ಉಳಿದದ್ದಕ್ಕೆ ಡಾಲರ್ ಜನರಲ್ ಬಂದಿತು. ಅಗ್ಗದ ಸಾಮಾನಿನ ಆ ಕಂಪನಿ ತನ್ನ 20,000ನೆಯ ಮಳಿಗೆಯನ್ನು 2024ರಲ್ಲಿ ತೆರೆಯಿತು. ಹಳದಿ ಬೋರ್ಡಿನ ಆ ಡಬ್ಬಿಯಂಥ ಕಟ್ಟಡ ಊರೂರಲ್ಲೂ ನಿಂತಿದೆ, ಆದರೆ ಯಾವ ಪ್ರಣಯ ಕಾದಂಬರಿಯ ಮುಖಪುಟದಲ್ಲೂ ನಮಗೆ ಕಂಡಿಲ್ಲ.

ಇದೇ ಬೀದಿಯ ಬಗ್ಗೆ ಇದೇ ಅಮೆರಿಕದವನೊಬ್ಬ ನೂರು ವರ್ಷದ ಹಿಂದೆ ಬರೆದಿದ್ದ. ಸಿಂಕ್ಲೇರ್ ಲೂಯಿಸ್‌ನ 'ಮೇನ್ ಸ್ಟ್ರೀಟ್' 1920ರಲ್ಲಿ ಬಂತು. ಅದರಲ್ಲೂ ನಗರದಿಂದ ಒಬ್ಬಳು ಸಣ್ಣ ಊರಿಗೆ ಬರುತ್ತಾಳೆ. ಆದರೆ ಅವಳು ಅಲ್ಲಿ ಕಾಣುವುದು ಉಸಿರುಗಟ್ಟಿಸುವ ಮಡಿವಂತಿಕೆಯನ್ನು, ಗೋಧಿ ಬೆಳೆಯುವ ರೈತನನ್ನು ಹಿಂಡಿ ಬದುಕುವ ಪೇಟೆಯ ವರ್ತಕರನ್ನು. ಲೂಯಿಸ್ ಕಥೆಗೆ ಮಾದರಿಯಾಗಿಟ್ಟುಕೊಂಡದ್ದು ತಾನು ಹುಟ್ಟಿದ ಸಾಕ್ ಸೆಂಟರ್ ಎಂಬ ಊರನ್ನು. ಅಲ್ಲಿನವರು ಮೊದಲು ಕೆಂಡವಾದರು. ಆಮೇಲೆ ಬೀದಿಗೆ 'ಮೂಲ ಮೇನ್ ಸ್ಟ್ರೀಟ್' ಎಂದು ಹೆಸರಿಟ್ಟು ಪ್ರವಾಸಿಗಳನ್ನು ಕರೆದರು! ಬೈಗುಳವನ್ನೂ ಮಾರಾಟಕ್ಕಿಡುವ ಜಾಣ್ಮೆ ವ್ಯಾಪಾರಕ್ಕೆ ಮೊದಲಿನಿಂದ ಇದೆ.

ಮುಖಪುಟದ ಊರಿನಲ್ಲಿ ದುಡಿಮೆಗಾರನಿಲ್ಲ ಎಂದೆವು. ಆ ಮುಖಪುಟವನ್ನೇ ಮಾಡಿದ ದುಡಿಮೆಗಾರರು ಎಲ್ಲಿ? ಪುಸ್ತಕ ತೆರೆದು ಹುಡುಕಿ ನೋಡಿ. ಇದ್ದರೆ ಹಕ್ಕುಸ್ವಾಮ್ಯದ ಪುಟದ ಕೊನೆಯಲ್ಲೋ ಹಿಂಬದಿಯ ಮೂಲೆಯಲ್ಲೋ ಇರುವೆ ಗಾತ್ರದ ಅಕ್ಷರದಲ್ಲಿರುತ್ತದೆ. ಕೆಲವು ಕಡೆ ಅದೂ ಇಲ್ಲ.

ಅವರ ಕೆಲಸ ಸುಲಭದ್ದೆಂದು ಯಾರೂ ತಿಳಿಯಬಾರದು. ಲೇಖಕಿಯಿಂದ ಒಂದು ಪಟ್ಟಿ ಬರುತ್ತದೆ: ನಾಯಕಿಯ ಕೂದಲು ಇಂಥ ಬಣ್ಣ, ನಾಯಕನ ಅಂಗಿ ಇಂಥ ಚೌಕಳಿ, ನಾಯಿ ಇಂಥ ಜಾತಿ. ಸಂಪಾದಕರ ಮಾತು ಬೇರೆ. ಮಾರಾಟ ವಿಭಾಗದ ಅಪ್ಪಣೆ ಇನ್ನೂ ಬೇರೆ: ಹೋದ ವರ್ಷ ಓಡಿದ ಪುಸ್ತಕದ ಹಾಗೇ ಇರಬೇಕು, ಆದರೆ ಅದೇ ಎನ್ನಿಸಬಾರದು. ಒಬ್ಬರು ಚಿತ್ರ ಬರೆಯುತ್ತಾರೆ, ಇನ್ನೊಬ್ಬರು ಅಕ್ಷರ ಕೂರಿಸಿ ಪುಟ ಹೊಂದಿಸುತ್ತಾರೆ. ಕೆಲವೆಡೆ ಎರಡೂ ಒಬ್ಬರದೇ ಕೊರಳಿಗೆ. ಮೂರು ನಾಲ್ಕು ಕರಡು ಬರೆದು ಒಂದು ಒಪ್ಪಿಗೆಯಾದರೆ ಬೆನ್ನುಪಟ್ಟಿ, ಹಿಂಬದಿ, ವಿದ್ಯುನ್ಮಾನ ಪ್ರತಿಯ ಅಳತೆ, ಧ್ವನಿಪುಸ್ತಕದ ಚೌಕದ ಅಳತೆ ಎಲ್ಲಕ್ಕೂ ಅದನ್ನೇ ತಿದ್ದಬೇಕು. ಹಿಂದೆ 1970-80ರ ದಶಕಗಳಲ್ಲಿ ಪ್ರಣಯ ಕಾದಂಬರಿಯ ಹೊದಿಕೆಯೆಂದರೆ ಅಪ್ಪಿಕೊಂಡ ಗಂಡುಹೆಣ್ಣಿನ ವರ್ಣಚಿತ್ರ. ರಾಬರ್ಟ್ ಮ್ಯಾಗಿನಿಸ್‌ನಂಥ ಕಲಾವಿದರು ಕುಂಚ ಹಿಡಿದು ಬರೆದವು ಅವು. ಆ ಮೇಲೆ ಬಾಡಿಗೆಯ ಛಾಯಾಚಿತ್ರ ಬಂತು. 2010ರ ದಶಕದ ಕೊನೆಯಿಂದ ಈಗಿನ ಚಪ್ಪಟೆ ಬಣ್ಣದ ಚಿತ್ರ. ಬಸ್ಸಿನಲ್ಲಿ, ಆಫೀಸಿನಲ್ಲಿ ಸಂಕೋಚವಿಲ್ಲದೆ ಹಿಡಿದು ಕೂರಬಹುದಾದ ಮುಖಪುಟವನ್ನು ಕಂಡುಕೊಟ್ಟವರು ಈ ಚಿತ್ರಗಾರರೇ. ಲಾಭ ಹೋದದ್ದು ಬೇರೆಯವರ ಗಲ್ಲಾಕ್ಕೆ.

ಎಷ್ಟು ಲಾಭ, ಎಷ್ಟು ಸಂಬಳ? ಹಾರ್ಪರ್ ಕಾಲಿನ್ಸ್ ಮರ್ಡಾಕ್ ಮನೆತನದ ನ್ಯೂಸ್ ಕಾರ್ಪೊರೇಷನ್ನಿನ ಆಸ್ತಿ. ಪ್ರಣಯ ಕಾದಂಬರಿಯ ದೊಡ್ಡ ಕಾರ್ಖಾನೆಯಾದ ಕೆನಡಾದ ಹಾರ್ಲೆಕ್ವಿನ್ ಕಂಪನಿಯನ್ನೂ ಅದು 2014ರಲ್ಲಿ ಕೊಂಡಿತು. ಆ ಹಾರ್ಪರ್ ಕಾಲಿನ್ಸ್‌ನ ನ್ಯೂಯಾರ್ಕ್ ಕಚೇರಿಯ ಸುಮಾರು 250 ನೌಕರರು 2022ರ ನವೆಂಬರ್ 10ರಂದು ಮುಷ್ಕರ ಹೂಡಿದರು. ಅವರಲ್ಲಿ ಸಂಪಾದನೆ, ಪ್ರಚಾರ, ಮಾರಾಟದವರೊಂದಿಗೆ ವಿನ್ಯಾಸ ವಿಭಾಗದವರೂ ಇದ್ದರು. ಅವರ ಸಂಘ ಯಾವುದು ಗೊತ್ತೇ? ಮೋಟಾರು ಕಾರ್ಖಾನೆಯ ಕೆಲಸಗಾರರ ಸಂಘದ 2110ನೆಯ ಶಾಖೆ! ಕಾದಂಬರಿಗೆ ಗುಲಾಬಿ ಬಣ್ಣ ಬಳಿಯುವವರೂ ಕಾರಿಗೆ ಚಕ್ರ ಜೋಡಿಸುವವರೂ ಒಂದೇ ಬಾವುಟದಡಿ. ಇಡೀ ಚಳಿಗಾಲ ಅವರು ಕಾಲುಹಾದಿಯಲ್ಲಿ ನಿಂತರು. ಮೂರು ತಿಂಗಳ ಮೇಲೆ, 2023ರ ಫೆಬ್ರವರಿಯಲ್ಲಿ ಒಪ್ಪಂದವಾಯಿತು. ವರ್ಷಕ್ಕೆ 45,000 ಡಾಲರಿದ್ದ ಕನಿಷ್ಠ ಸಂಬಳ ತಕ್ಷಣ 47,500ಕ್ಕೂ 2025ರ ಹೊತ್ತಿಗೆ 50,000ಕ್ಕೂ ಏರಿತು. ರೂಪಾಯಿಗೆ ಪರಿವರ್ತಿಸಿ ಬಾಯಿ ತೆರೆಯುವವರು ನ್ಯೂಯಾರ್ಕಿನ ಮನೆಬಾಡಿಗೆಯನ್ನೂ ಪರಿವರ್ತಿಸಿ ನೋಡಲಿ.

ಇದು ಸಂಬಳದವರ ಮಾತಾಯಿತು. ಸಂಘವೇ ಇಲ್ಲದ ಬಿಡಿಗೆಲಸದವರ ಪಾಡು ಇನ್ನೂ ಕಷ್ಟ. ಫೈವರ್ ಎಂಬ ಇಸ್ರೇಲಿ ಕಂಪನಿ 2010ರಲ್ಲಿ ಅಂತರ್ಜಾಲದಲ್ಲಿ ಸಂತೆ ಕಟ್ಟಿತು. ಐದು ಡಾಲರಿಗೊಂದು ಕೆಲಸ ಎಂಬುದರಿಂದಲೇ ಅದಕ್ಕೆ ಆ ಹೆಸರು. ಪುಸ್ತಕದ ಮುಖಪುಟವೂ ಅಲ್ಲಿ ಹರಾಜಿಗಿದೆ. ನಮ್ಮ ದೇಶದ ತರುಣರೂ ಅಲ್ಲಿ ಸಾಲು ನಿಂತಿದ್ದಾರೆ. ಕಂಡಿರದ ಅಮೆರಿಕದ ಬೀದಿಗೆ, ತಿಂದಿರದ ತಿಂಡಿಯ ಅಂಗಡಿಗೆ ಬಣ್ಣ ಹಚ್ಚಿ ಕೊಡುತ್ತಾರೆ.

ಕಾನೂನು ಏನು ಹೇಳುತ್ತದೆ ನೋಡಿ. ಅಮೆರಿಕದ 1976ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಸಂಬಳದ ನೌಕರ ತನ್ನ ಕೆಲಸದ ಭಾಗವಾಗಿ ಬರೆದ ಚಿತ್ರದ ಕರ್ತೃ ಆ ನೌಕರನಲ್ಲ, ಕಂಪನಿ! ಚಿತ್ರಕಾರರಿಗೆ ಹೆಸರಿನ ಹಕ್ಕು ಕೊಡಲೆಂದು 1990ರಲ್ಲಿ ಅಲ್ಲಿ ಒಂದು ಕಾಯಿದೆಯಾಯಿತು. ಆದರೆ ಪುಸ್ತಕಕ್ಕಾಗಿ ಬರೆದದ್ದನ್ನು ಅದರಿಂದ ಹೊರಗಿಟ್ಟರು. ಈ ವಿಷಯದಲ್ಲಿ ನಮ್ಮ 1957ರ ಕಾಯಿದೆ ಮೇಲು. ಹಕ್ಕು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನು ಅದರ 57ನೆಯ ಕಲಮು ಕರ್ತೃವಿಗೆ ಉಳಿಸಿದೆ.

ಈಗ ಯಂತ್ರ ಬಂದಿದೆ. ಲಕ್ಷಾಂತರ ಕಲಾವಿದರ ಚಿತ್ರಗಳನ್ನು ಕೇಳದೆ ಕೊಳ್ಳದೆ ನುಂಗಿಸಿ, 'ಸಣ್ಣ ಊರು, ಬೇಕರಿ, ಪ್ರೇಮಿಗಳು' ಎಂದು ಟೈಪು ಮಾಡಿದರೆ ಕ್ಷಣದಲ್ಲಿ ಮುಖಪುಟ ಉಗುಳುವ ಯಂತ್ರ. ಇದರ ವಿರುದ್ಧ ಅಮೆರಿಕದ ಕಲಾವಿದರು 2023ರ ಜನವರಿಯಲ್ಲಿ ಸ್ಟೆಬಿಲಿಟಿ ಮೊದಲಾದ ಕಂಪನಿಗಳ ಮೇಲೆ ದಾವೆ ಹೂಡಿದರು. 2024ರ ಆಗಸ್ಟಿನಲ್ಲಿ ನ್ಯಾಯಾಧೀಶರು ಹಕ್ಕುಸ್ವಾಮ್ಯದ ಆಪಾದನೆಗಳು ಮುಂದುವರಿಯಲು ಅವಕಾಶ ಕೊಟ್ಟರು. 2023ರಲ್ಲೇ ಲಂಡನ್ನಿನ ಬ್ಲೂಮ್ಸ್‌ಬರಿಯವರು ಸಾರಾ ಮಾಸ್ ಅವರ ಒಂದು ಕಾದಂಬರಿಯ ಹೊದಿಕೆಗೆ ಯಂತ್ರದ ಚಿತ್ರ ಬಳಸಿ ಸಿಕ್ಕಿಬಿದ್ದರು. ಚಿತ್ರಭಂಡಾರದಿಂದ ಕೊಂಡೆವು, ಯಂತ್ರದ್ದೆಂದು ತಿಳಿಯದು ಎಂದರು. ಅದು ಊರಿನ ಕಥೆಯಲ್ಲ, ಮಾಯಾಲೋಕದ ಪ್ರಣಯ. ದಂಧೆ ಮಾತ್ರ ಒಂದೇ. ಅಮೆಜಾನ್ 2023ರ ಸೆಪ್ಟೆಂಬರಿನಿಂದ, ಸ್ವಂತ ಪುಸ್ತಕ ಹಾಕುವ ಲೇಖಕರು ಮುಖಪುಟ ಯಂತ್ರದ್ದಾದರೆ ತನಗೆ ತಿಳಿಸಬೇಕೆಂದು ವಿಧಿಸಿತು. ತಿಳಿಸಬೇಕಾದದ್ದು ಅಮೆಜಾನಿಗೆ, ಕಾಸು ಕೊಟ್ಟು ಕೊಳ್ಳುವವರಿಗೆ ಹೇಳಬೇಕೆಂಬ ನಿಯಮವನ್ನು ಅದು ಮಾಡಲಿಲ್ಲ!

ತಮಾಷೆ ಇನ್ನೊಂದಿದೆ. ಬರಿಯ ಯಂತ್ರ ಮಾಡಿದ ಚಿತ್ರಕ್ಕೆ ಹಕ್ಕುಸ್ವಾಮ್ಯವಿಲ್ಲವೆಂದು ಅಮೆರಿಕದ ಹಕ್ಕುಸ್ವಾಮ್ಯ ಕಚೇರಿ 2023ರಲ್ಲಿ ಹೇಳಿತು. ಅಂದರೆ ಯಂತ್ರದ ಚಿತ್ರ ಯಾರದೂ ಅಲ್ಲ, ನೌಕರನ ಚಿತ್ರ ಕಂಪನಿಯದು. ಇವೆರಡರ ನಡುವೆ ಬರೆದ ಕೈಗೆ ಜಾಗವೆಲ್ಲಿ?

ಸೋಪಿನ ಹೊದಿಕೆ ಬರೆದವನ ಹೆಸರನ್ನು ಯಾರಾದರೂ ಅಚ್ಚು ಹಾಕುತ್ತಾರೆಯೇ, ಮುಖಪುಟವೂ ಹಾಗೆಯೇ ಒಂದು ಹೊದಿಕೆ ಎಂದು ವ್ಯಾಪಾರದ ಪರವಾಗಿ ವಾದಿಸುವವರಿದ್ದಾರೆ. ಹಾಗಾದರೆ ಸ್ವಾಮಿ, ಪುಸ್ತಕ ಬರುವುದಕ್ಕೆ ತಿಂಗಳುಗಟ್ಟಲೆ ಮುಂಚೆ 'ಮುಖಪುಟ ಅನಾವರಣ' ಎಂದು ಹಬ್ಬ ಮಾಡುವುದೇಕೆ? ಅದೇ ಕಥೆಗೆ ಹೊಸ ಹೊದಿಕೆ ಹಾಕಿ, ಅಂಚಿಗೆ ಬಣ್ಣ ಬಳಿದು ಅದೇ ಓದುಗಳಿಗೆ ಎರಡನೆಯ ಸಲ ಮಾರುವುದೇಕೆ? ಮಾರುವಾಗ ಕಲೆ, ಕೂಲಿ ಕೊಡುವಾಗ ಸೋಪಿನ ಕಾಗದ!

ಸಣ್ಣ ಊರಿನ ನಗೆಯ ಕಥೆ ನಮಗೆ ಹೊಸದಲ್ಲ. ಮೈಸೂರಿನಲ್ಲಿ ಕೂತು ಆರ್. ಕೆ. ನಾರಾಯಣ್ ಮಾಲ್ಗುಡಿಯನ್ನು ಕಟ್ಟಿದರು. 1980ರ ದಶಕದಲ್ಲಿ ಶಂಕರ್ ನಾಗ್ ಅದನ್ನು ನಮ್ಮ ಆಗುಂಬೆಗೆ ತಂದು ನಿಲ್ಲಿಸಿದರು. ಆ ಊರನ್ನು ರೇಖೆಯಲ್ಲಿ ಬರೆದ ತಮ್ಮ ಲಕ್ಷ್ಮಣರ ಹೆಸರು ಅಣ್ಣನ ಹೆಸರಿನಷ್ಟೇ ಜನಕ್ಕೆ ಗೊತ್ತು. ಅದರಿಂದ ನಾರಾಯಣರ ಪುಸ್ತಕಕ್ಕೆ ಕಿಂಚಿತ್ತೂ ನಷ್ಟವಾಗಲಿಲ್ಲ. ಕನ್ನಡದ ಪುಸ್ತಕಗಳಲ್ಲಿ 'ಮುಖಪುಟ: ಇಂಥವರು' ಎಂದು ಒಳಪುಟದಲ್ಲಿ ಅಚ್ಚು ಹಾಕುವ ಪದ್ಧತಿಯಾದರೂ ಇದೆ. ಕನ್ನಡ ಪುಸ್ತಕ ಪ್ರಾಧಿಕಾರ ಮುಖಪುಟಕ್ಕೆ ಬಹುಮಾನವನ್ನೂ ಕೊಡುತ್ತದೆ. ಒಳ್ಳೆಯದೇ. ಆದರೆ ಬಹುಮಾನ ವರ್ಷಕ್ಕೊಮ್ಮೆ, ಕೆಲವರಿಗೆ. ಕೂಲಿ ಪ್ರತಿ ಪುಸ್ತಕಕ್ಕೆ, ಎಲ್ಲರಿಗೂ ಬೇಕು. ಬೆಂಗಳೂರು, ಮೈಸೂರು, ಧಾರವಾಡದ ಪ್ರಕಾಶಕರನ್ನು ನಾವು ಕೇಳುವುದಿಷ್ಟು: ಹೆಸರು ಹಿಂಬದಿಯಲ್ಲಿ ಕಾಣುವಂತೆ ಇರಲಿ. ಮರುಮುದ್ರಣಕ್ಕೆ ಅದೇ ಚಿತ್ರ ಬಳಸಿದರೆ ಮತ್ತೆ ಹಣ ಕೊಡಿ. ಯಂತ್ರದಿಂದ ಮಾಡಿಸಿದ್ದಾದರೆ ಹಾಗೆಂದು ಅಲ್ಲೇ ಅಚ್ಚು ಹಾಕಿ, ಓದುಗರು ನೋಡಿ ಕೊಳ್ಳಲಿ.

ಮುಂದಿನ ಸಂಚಿಕೆಯಿಂದ ನಮ್ಮ 'ಸ್ವೀಕೃತ ಪುಸ್ತಕಗಳು' ಅಂಕಣದಲ್ಲಿ ಲೇಖಕರು, ಪ್ರಕಾಶಕರು, ಬೆಲೆ ಇವುಗಳ ಜೊತೆಗೆ ಮುಖಪುಟ ಬರೆದವರ ಹೆಸರನ್ನೂ ಅಷ್ಟೇ ಗಾತ್ರದ ಅಕ್ಷರದಲ್ಲಿ ಕೊಡುತ್ತೇವೆ. ಹೆಸರು ಕೊಡದೆ ಕಳುಹಿಸಿದ ಪುಸ್ತಕಕ್ಕೆ ಆ ಜಾಗವನ್ನು ಖಾಲಿ ಬಿಡುತ್ತೇವೆ.