ಬಿರುಬೇಸಿಗೆಯಲ್ಲಿ ಆಣೆಕಲ್ಲು

ಚೈತ್ರ, ವೈಶಾಖಗಳಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ನೆಲವು ಕಾದ ಹೆಂಚಿನಂತಿರುವಾಗಲೇ ಒಮ್ಮೊಮ್ಮೆ ಆಣೆಕಲ್ಲು ಸುರಿಯುವುದುಂಟು. ಹಿಂದೊಮ್ಮೆ ಅಶ್ವಿನಿ ಮಳೆಯ ಮರುದಿನ ಹಡಗಲಿ ಕಡೆಯ ಭಕ್ತರೊಬ್ಬರ ಮನೆಗೆ ನಾವು ಹೋಗಿದ್ದೆವು. ಮಲ್ಲಿಗೆಯ ಮೊಗ್ಗೆಲ್ಲ ಮಣ್ಣುಪಾಲಾಗಿತ್ತು. ಮನೆಯ ಹಿರಿಯ ತಾಯಿಯವರು, "ಅಯ್ಯನವರೇ, ಹೊಸ ಸೊಸೆಯ ಕಾಲ್ಗುಣ ನೋಡಿರಿ" ಎಂದರು. ಆ ಹೆಣ್ಣುಮಗಳು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ಅಂದು ನಾವು ಹೇಳಿದುದನ್ನೇ ಇಲ್ಲಿ ತುಸು ವಿಸ್ತರಿಸಿದ್ದೇವೆ.

ಗಾಳಿಯನ್ನು ಹೆಚ್ಚಾಗಿ ಕಾಯಿಸುವುದು ನೇರ ಬಿಸಿಲಲ್ಲ, ಬಿಸಿಲಿಗೆ ಕಾದ ನೆಲ. ನೆಲದಿಂದ ಮೇಲೇರಿದ ಗಾಳಿಯು ಹಿಗ್ಗಿ ತಣ್ಣಗಾಗುತ್ತದೆ. ಸರಾಸರಿ ಕಿಲೋಮೀಟರಿಗೆ 6.5 ಡಿಗ್ರಿ ಸೆಲ್ಸಿಯಸ್ ಇಳಿಯುವುದು. ಅಂಗಳದಲ್ಲಿ 38 ಡಿಗ್ರಿ ಇದ್ದರೂ ಐದಾರು ಕಿಲೋಮೀಟರ್ ಎತ್ತರದಲ್ಲಿ ನೀರು ಹೆಪ್ಪುಗಟ್ಟುವ ಚಳಿ! ಕೂಡ್ಲಿಗಿಯಿಂದ ಕೊಟ್ಟೂರು ಇದಕ್ಕಿಂತ ದೂರ. ಕಾದ ನೆಲದಿಂದ ರಭಸವಾಗಿ ಏಳುವ ಗಾಳಿಯು ಹನಿಗಳನ್ನು ಆ ಚಳಿಗೆ ಎತ್ತಿಕೊಂಡು ಹೋಗುತ್ತದೆ. ಹೆಪ್ಪುಗಟ್ಟಿದ ಹರಳಿಗೆ ನೀರು ಅಂಟಿ, ಪದರದ ಮೇಲೆ ಪದರ ಬೆಳೆದು, ಗಾಳಿ ಹೊರಲಾರದಷ್ಟು ಭಾರವಾದಾಗ ಕೆಳಗೆ ಬೀಳುತ್ತದೆ. ಬಿಸಿಲಿನ ಬೇಗೆಯೇ ಮಂಜುಗಡ್ಡೆಯ ತಾಯಿ ಎಂದರೆ ತಪ್ಪಾಗದು.

ಈ ಇಳಿಕೆ ಕೊನೆಯಿಲ್ಲದೆ ಸಾಗುವುದಿಲ್ಲ. ನಮ್ಮ ಸೀಮೆಯ ಮೇಲೆ ಸುಮಾರು 16-17 ಕಿಲೋಮೀಟರಿಗೆ ಪರಿವರ್ತನ ಮಂಡಲ ಮುಗಿಯುವುದು. ಅಲ್ಲಿ ಶೂನ್ಯಕ್ಕಿಂತ 75-80 ಡಿಗ್ರಿ ಕೆಳಗೆ. ಅದರಾಚೆ ಸಮೋಷ್ಣ ಮಂಡಲ. ಹೆಸರು ಹಾಗಿದ್ದರೂ ಉಷ್ಣವು ಅಲ್ಲಿ ಸಮವಾಗಿಲ್ಲ. ಓಝೋನು ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರುವುದರಿಂದ ಏರುತ್ತ ಹೋಗಿ 50 ಕಿಲೋಮೀಟರಿನ ಬಳಿ ಶೂನ್ಯ ಡಿಗ್ರಿಯನ್ನು ಸಮೀಪಿಸುತ್ತದೆ. ಬಲೂನುಗಳ ಮೂಲಕ ಇದನ್ನು ಗುರುತಿಸಿ 1902ರಲ್ಲಿ ಪ್ರಕಟಿಸಿದವರು ಫ್ರಾನ್ಸಿನ ತೆಸೆರಾಂಕ್ ದ ಬೋರ್. ಮೇಲಿನ ಮಧ್ಯಂತರ ಮಂಡಲದಲ್ಲಿ ಮತ್ತೆ ಇಳಿಕೆ, ಉಷ್ಣತಾ ಮಂಡಲದಲ್ಲಿ ಮತ್ತೆ ಏರಿಕೆ.

ಗುಡುಗಿನ ಮೋಡದ ತಲೆಯು ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡುವುದನ್ನು ಓದುಗರು ನೋಡಿರಬಹುದು. ಮೇಲಿನ ಬೆಚ್ಚನೆಯ ಪದರವನ್ನು ದಾಟಲಾರದೆ ಅದು ಅಲ್ಲಿಯೇ ಅಡ್ಡಲಾಗಿ ಚಾಚುತ್ತದೆ.

ತಾಯಿಯವರು ಅಷ್ಟಕ್ಕೆ ಬಿಡಲಿಲ್ಲ. "ಹಾಗಾದರೆ ಪಕ್ಕದವರ ತೋಟ ಹೇಗೆ ಉಳಿಯಿತು?" ಎಂದರು. ಪ್ರಶ್ನೆ ಯೋಗ್ಯವಾದುದೇ. ಆಣೆಕಲ್ಲು ಮೋಡ ಸಾಗಿದ ದಾರಿಯಲ್ಲಿ ಕಿರಿದಾದ ಪಟ್ಟಿಯಂತೆ ಬೀಳುತ್ತದೆ. ಬದುವಿನ ಆಚೆ ಒಂದೂ ಬೀಳದಿರಬಹುದು. ಪಕ್ಕದ ಮನೆಗೂ ಅದೇ ತಿಂಗಳು ಸೊಸೆ ಬಂದಿದ್ದಳಂತೆ. ಅದನ್ನು ನೆನಪಿಸಿದವರು ಮನೆಯ ಯಜಮಾನರು. ತಾಯಿಯವರು ತುಸು ಹೊತ್ತು ಸುಮ್ಮನಿದ್ದು, "ಬಾರವ್ವಾ, ಅಯ್ಯನವರಿಗೆ ಪ್ರಸಾದಕ್ಕೆ ಅಣಿಮಾಡು" ಎಂದು ಸೊಸೆಯನ್ನು ಕರೆದರು.