ಕಪ್ಪು ಹೊಗೆಗೆ ಎಥೆನಾಲ್ ಹೊಣೆಯಲ್ಲ

ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಪ್ರಮಾಣ 2025ರಲ್ಲಿ ಶೇ 20ಕ್ಕೆ ಮುಟ್ಟಿದ ಬಳಿಕ ಕಾರಿನ ಕಾಯಿಲೆಗಳಿಗೆಲ್ಲ ಅದನ್ನೇ ದೂರುವ ಪ್ರವೃತ್ತಿ ಹೆಚ್ಚಿದೆ. ಮೈಲೇಜ್ ಇಳಿಕೆಯ ಮಟ್ಟಿಗೆ ಈ ದೂರಿನಲ್ಲಿ ಹುರುಳಿದೆ. ಒಂದು ಲೀಟರ್ ಎಥೆನಾಲ್ ನೀಡುವ ಶಕ್ತಿ ಅಷ್ಟೇ ಪೆಟ್ರೋಲಿನ ಸುಮಾರು ಮೂರನೇ ಎರಡರಷ್ಟು ಮಾತ್ರ. ಆದರೆ ಹೊಗೆ ಕಪ್ಪಾಗಿ, ಸ್ಪಾರ್ಕ್ ಪ್ಲಗ್‌ಗೆ ಮಸಿ ಹಿಡಿದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು.

ಒಂದು ಕಿಲೋ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಅಥವಾ ಇಂಧನ ಹೆಚ್ಚಾದರೆ ಮಿಶ್ರಣ ‘ರಿಚ್’ ಆಗುತ್ತದೆ. ಎಥೆನಾಲ್‌ನಲ್ಲಿ ಆಮ್ಲಜನಕವಿರುವುದರಿಂದ ಅದು ಮಿಶ್ರಣವನ್ನು ತೆಳುವಾಗಿಸುತ್ತದೆಯೇ ಹೊರತು ರಿಚ್ ಮಾಡುವುದಿಲ್ಲ.

ಕೆಜಿಎಫ್‌ನಲ್ಲಿ ಸ್ಥಳೀಯ ಕಾರಣವೊಂದಿದೆ. ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿದರೂ ಸೈನೈಡ್ ದಿಬ್ಬಗಳು ಉಳಿದಿವೆ. ಗಾಳಿ ಬೀಸಿದಾಗ ಅವುಗಳ ದೂಳು ಊರಿನತ್ತ ಹಾರುತ್ತದೆ. ಏರ್ ಫಿಲ್ಟರ್‌ನಲ್ಲಿ ದೂಳು ಕಟ್ಟಿಕೊಂಡರೆ ಕಾರ್ಬ್ಯುರೇಟರ್ ಇರುವ ಹಳೆಯ ಕಾರಿನ ಮಿಶ್ರಣ ರಿಚ್ ಆಗುತ್ತದೆ. ಇಂಜೆಕ್ಷನ್ ಕಾರುಗಳ ಕಂಪ್ಯೂಟರ್ ಒಳಬರುವ ಗಾಳಿಗೆ ತಕ್ಕಂತೆ ಇಂಧನವನ್ನೂ ತಗ್ಗಿಸುತ್ತದೆ. ಅಲ್ಲಿ ಫಿಲ್ಟರ್ ಬದಲಿಸಿದರಷ್ಟೇ ಸಾಲದು. ಸೋರುವ ಇಂಜೆಕ್ಟರ್, ಹೆಚ್ಚಿದ ಇಂಧನ ಒತ್ತಡ, ತಪ್ಪು ಉಷ್ಣತೆ ತೋರಿಸುವ ಕೂಲೆಂಟ್ ಸೆನ್ಸರ್, ಕೆಟ್ಟ ಆಕ್ಸಿಜನ್ ಸೆನ್ಸರ್‌ಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು.

ಗ್ಯಾರೇಜಿನ ಸ್ಕ್ಯಾನರ್ ತೋರಿಸುವ ‘ಫ್ಯುಯೆಲ್ ಟ್ರಿಮ್’ ಇಲ್ಲಿ ದಾರಿ ತೋರುತ್ತದೆ. ಎಥೆನಾಲ್‌ನಿಂದ ಮಿಶ್ರಣ ತೆಳುವಾದಾಗ ಕಂಪ್ಯೂಟರ್ ಇಂಧನ ಹೆಚ್ಚಿಸುವುದರಿಂದ ಅಂಕಿ ಪ್ಲಸ್ ಕಡೆಗೆ ಸರಿಯುತ್ತದೆ. ಮಿಶ್ರಣ ರಿಚ್ ಇದ್ದರೆ ಮೈನಸ್ ಕಡೆಗೆ ಇಳಿಯುತ್ತದೆ. ಪ್ಲಸ್ ತೋರಿಸುತ್ತಿದ್ದೂ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಹೆಚ್ಚಿದ್ದರೆ ಆಕ್ಸಿಜನ್ ಸೆನ್ಸರನ್ನೋ ಹೊಗೆಕೊಳವೆಯ ಸೋರಿಕೆಯನ್ನೋ ಶಂಕಿಸಬೇಕು.

ಇಲ್ಲಿಯೇ ವಾಯುಮಾಲಿನ್ಯ ತಪಾಸಣಾ ಪತ್ರ ನೆರವಾಗುತ್ತದೆ. ಬಿಎಸ್-4 ಹಾಗೂ ನಂತರದ ಪೆಟ್ರೋಲ್ ಕಾರುಗಳಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ 0.3. ಬಹುತೇಕ ಮಾಲೀಕರು ‘ಪಾಸ್’ ಎಂಬ ಪದವನ್ನಷ್ಟೇ ನೋಡುತ್ತಾರೆ, ಅಂಕಿಯನ್ನಲ್ಲ. ಕಳೆದ ಬಾರಿಗಿಂತ ಅದು ಏರಿದ್ದರೆ ಪಾಸಾದರೂ ಅದು ಎಚ್ಚರಿಕೆಯೇ.

ಅಲಕ್ಷ್ಯದ ಬೆಲೆ ದುಬಾರಿ. ಪೂರ್ಣ ಉರಿಯದ ಇಂಧನ ಕೆಟಲಿಟಿಕ್ ಕನ್ವರ್ಟರ್‌ನೊಳಗೆ ಉರಿದು ಅದನ್ನೇ ಕರಗಿಸಬಲ್ಲದು. ಎಂಜಿನ್ ಆಯಿಲ್‌ಗೆ ಬೆರೆತು ಅದರ ಜಿಡ್ಡನ್ನು ಕಳೆಯಬಲ್ಲದು. ಸೆನ್ಸರ್‌ಗೆ ತಗಲುವ ವೆಚ್ಚಕ್ಕಿಂತ ಕನ್ವರ್ಟರ್ ವೆಚ್ಚ ಎಷ್ಟೋ ಪಟ್ಟು ಹೆಚ್ಚು. ಈಗಾಗಲೇ ಗಣಿ ದೂಳು ಕುಡಿಯುತ್ತಿರುವ ಕೆಜಿಎಫ್‌ಗಾಗಲಿ, ಬೆಂಗಳೂರಿನ ರೈಲಿಗೆ ನಿತ್ಯ ಧಾವಿಸುವ ಬಂಗಾರಪೇಟೆಯ ರಸ್ತೆಗಳಿಗಾಗಲಿ ಈ ಹೊಗೆಯ ಹೆಚ್ಚುವರಿ ಹೊರೆ ಬೇಕಿಲ್ಲ. ತಪಾಸಣಾ ಕೇಂದ್ರಗಳು ಅಂಕಿಯನ್ನು ಮಾಲೀಕರಿಗೆ ವಿವರಿಸುವಂತೆ ಸಾರಿಗೆ ಇಲಾಖೆ ಸೂಚಿಸಿದರೆ ಅರ್ಧ ರೋಗ ಆರಂಭದಲ್ಲೇ ಪತ್ತೆಯಾದೀತು.