ಸುಡದೆ ಉಳಿದ ಅಂಗಡಿಯ ಪಾಠ

ಪುಣೆಯ ಹಿಂಜವಡಿಯಲ್ಲಿ ನಮ್ಮ ಕಚೇರಿಯ ಪಕ್ಕ ಹೊಸ ಕಟ್ಟಡ ಏಳುತ್ತಿದೆ. ಅಲ್ಲಿ ಕೆಲಸ ಮಾಡುವವರಲ್ಲಿ ಯಾದಗಿರಿ ಕಡೆಯವರು ಬಹಳ. ಕಳೆದ ತಿಂಗಳು ಚಹಾ ಅಂಗಡಿಯ ಬಳಿ ಮಗುವನ್ನು ಎತ್ತಿಕೊಂಡು ನಿಂತಿದ್ದ ಹೆಣ್ಣುಮಗಳೊಬ್ಬಳನ್ನು ಮಾತಾಡಿಸಿದೆ. ಮಗುವಿಗೆ ವರ್ಷವಾಗುತ್ತಾ ಬಂದರೂ ಒಂಬತ್ತು ತಿಂಗಳಿಗೆ ಹಾಕಿಸಬೇಕಾದ ದಡಾರ-ರುಬೆಲ್ಲಾ ಲಸಿಕೆ ಆಗಿರಲಿಲ್ಲ. ಸರ್ಕಾರಿ ಕೇಂದ್ರದಲ್ಲಿ ಅದು ಉಚಿತ. ‘ಯಾಕಮ್ಮಾ ಹಾಕಿಸಿಲ್ಲ?’ ಎಂದೆ. ‘ದವಾಖಾನಿಗಿ ಹೋದ್ರ ಆ ದಿನದ ಪಗಾರ ಹೋಗ್ತದ್ರಿ ಅಣ್ಣಾ. ಅವರ ಮಾತೂ ನಮಗ ತಿಳಿಯಂಗಿಲ್ಲ’ ಎಂದಳು. ತಿಳಿವಳಿಕೆಯ ಕೊರತೆ ಇರಬಹುದೆಂದು ನಾನು ಊಹಿಸಿದ್ದೆ. ಅವಳು ಹೇಳಿದ್ದು ಮನೆ ನಡೆಸುವ ಲೆಕ್ಕ.

ಇಂಥದೇ ಲೆಕ್ಕವನ್ನು 1960ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಕಿವಿಗೊಟ್ಟು ಕೇಳಿದವರು ನ್ಯಾನ್ಸಿ ಮಿಲಿಯೊ. ಮನೆಮನೆಗೆ ಹೋಗುವ ನರ್ಸ್ ಆಗಿದ್ದ ಅವರು ಮುಂದೆ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದರು. ಬಡ ಕಪ್ಪು ಜನರ ಬಡಾವಣೆಯಲ್ಲಿ ಗರ್ಭಿಣಿಯರಿಗೆ ಉಪದೇಶ ಮಾಡುವ ಬದಲು ನಿಮಗೇನು ಬೇಕು ಎಂದು ಅವರನ್ನೇ ಕೇಳಿದರು. ಕೆರ್ಚೆವಲ್ ರಸ್ತೆಯ ಅಂಗಡಿ ಮಳಿಗೆಯೊಂದರಲ್ಲಿ ತಾಯಿ-ಮಕ್ಕಳ ಕೇಂದ್ರ ಶುರುವಾಯಿತು. ತಪಾಸಣೆಯ ಜೊತೆಗೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಯೂ ಅಲ್ಲಿತ್ತು. ಅದನ್ನು ರೂಪಿಸಿ ನಡೆಸುವುದರಲ್ಲಿ ನೆರೆಹೊರೆಯ ಹೆಂಗಸರ ಕೈಯಿತ್ತು. 1967ರ ಜುಲೈ ಗಲಭೆಯಲ್ಲಿ ಸುತ್ತಮುತ್ತ ಬೆಂಕಿ ಬಿದ್ದರೂ ಆ ಕೇಂದ್ರಕ್ಕೆ ಯಾರೂ ಕೈ ಹಚ್ಚಲಿಲ್ಲ. 1970ರಲ್ಲಿ ಬಂದ ಅವರ ಪುಸ್ತಕಕ್ಕೆ ಆ ಕೇಂದ್ರದ ವಿಳಾಸವೇ ಹೆಸರು: ‘9226 ಕೆರ್ಚೆವಲ್’. ಜನ ತಮಗೆ ಎಟುಕುವ ಆಯ್ಕೆಗಳಲ್ಲೇ ಆರಿಸಿಕೊಳ್ಳುತ್ತಾರೆ, ಆದ್ದರಿಂದ ಆರೋಗ್ಯಕರ ಆಯ್ಕೆ ಸುಲಭವಾಗುವಂತೆ ನೀತಿ ಇರಬೇಕು ಎಂಬುದು ಅವರ ಮುಂದಿನ ಬರಹಗಳ ತಿರುಳು.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಬಳಕೆದಾರರು ಆ್ಯಪ್ ಮುಟ್ಟದಿದ್ದರೆ ವಿನ್ಯಾಸ ತಿದ್ದುತ್ತೇವೆ, ಅವರನ್ನು ಬಯ್ಯುವುದಿಲ್ಲ. ಕೂಲಿಯವರ ಆರೋಗ್ಯದ ವಿಷಯ ಬಂದಾಗ ಮಾತ್ರ ‘ಇವರಿಗೆ ಬುದ್ಧಿ ಇಲ್ಲ’ ಎಂದುಬಿಡುತ್ತೇವೆ.

ಇದು ಸರ್ಕಾರದ, ಗುತ್ತಿಗೆದಾರರ ಹೊಣೆ ಎಂಬ ಮಾತು ನಿಜ. 50ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವಲ್ಲಿ ಮಕ್ಕಳಿಗೆ ಕೋಣೆ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಎಷ್ಟು ಕಡೆ ಅಂಥ ಕೋಣೆ ಕಂಡಿದ್ದೇವೆ? ಆದರೆ ಅದನ್ನು ಕೇಳಲು ಆ ತಾಯಿಗೆ ಇಲ್ಲಿ ಭಾಷೆಯಿಲ್ಲ, ಬಿಡುವಿಲ್ಲ. ನಮಗೆ ಎರಡೂ ಇವೆ. ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಗಾಯಕರನ್ನು ಕರೆಸಲಿ, ಸಂತೋಷ. ಜೊತೆಗೆ, ಕೆಲಸ ಮುಗಿದ ಮೇಲೋ ವಾರದ ರಜೆಯಲ್ಲೋ ಕಾರ್ಮಿಕರ ಶೆಡ್ಡಿನ ಬಳಿಯೇ ಲಸಿಕೆ ಹಾಕಿ ಎಂದು ಸ್ಥಳೀಯ ಆರೋಗ್ಯ ಕೇಂದ್ರಕ್ಕೆ ಅರ್ಜಿ ಕೊಟ್ಟು, ಮಾತು ದಾಟಿಸಲು ಇಬ್ಬರು ಸದಸ್ಯರನ್ನು ಕಳಿಸಲಿ.

ಆ ಮಗುವಿಗೆ ಕಳೆದ ವಾರ ಲಸಿಕೆಯಾಯಿತು. ಜೊತೆಗೆ ಹೋದವರು ಮರಾಠಿ ಬಲ್ಲ ನಮ್ಮ ಪಕ್ಕದ ಮನೆಯ ನಿವೃತ್ತ ಶಿಕ್ಷಕಿ. ತಾಯಿಯ ಆ ದಿನದ ಪಗಾರ ಮಾತ್ರ ಹೋಯಿತು. ಮುಂದಿನ ಲಸಿಕೆಗೆ ಅದೂ ಹೋಗದಂತೆ ನೋಡಿಕೊಳ್ಳುವ ಕೆಲಸ ಇನ್ನೂ ಬಾಕಿಯಿದೆ.